ಪ್ರಾಗ್‌ನಲ್ಲಿ ಗೈಡ್ ಜೊತೆ ಪಬ್ ಕ್ರಾಲ್: ಹೋಗಬಹುದಾ, ಬೇಡವಾ?

ಹಾಸನದ_ಹುಡುಗ
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾವು ನಾಲ್ಕು ಜನ ಗೆಳೆಯರು ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗುತ್ತಿದ್ದೇವೆ. ಮೂರು ರಾತ್ರಿ ಇರುತ್ತೇವೆ. ಒಂದು ರಾತ್ರಿ ಗೈಡ್ ಇರುವ ಪಬ್ ಕ್ರಾಲ್‌ಗೆ ಹೋಗೋಣ ಅಂತ ಇಬ್ಬರು ಹಟ ಹಿಡಿದಿದ್ದಾರೆ. ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಥರ ಇದೆ: ಮೊದಲು ಒಂದು ಗಂಟೆ ಎಷ್ಟು ಬೇಕಾದರೂ ಕುಡಿಯಬಹುದು, ಆಮೇಲೆ ಎರಡು ಮೂರು ಬಾರ್, ಪ್ರತಿ ಬಾರ್‌ನಲ್ಲಿ ಒಂದು ಶಾಟ್ ಫ್ರೀ, ಕೊನೆಗೆ ದೊಡ್ಡ ಕ್ಲಬ್‌ಗೆ ಎಂಟ್ರಿ.

ನನ್ನ ಪ್ರಶ್ನೆಗಳು:
ದುಡ್ಡಿಗೆ ತಕ್ಕ ಹಾಗಿರುತ್ತದಾ? ಇದನ್ನು ಅಲ್ಲಿ ನಿಷೇಧ ಮಾಡಿದ್ದಾರೆ ಅಂತ ಒಬ್ಬರು ಹೇಳಿದರು, ನಿಜವಾ? ನಮ್ಮಲ್ಲಿ ಒಬ್ಬ ಕುಡಿಯುವುದೇ ಇಲ್ಲ, ಇನ್ನೊಬ್ಬ ಶುದ್ಧ ಸಸ್ಯಾಹಾರಿ. ಅವರಿಬ್ಬರೂ ಬಂದರೆ ಬೇಜಾರಾಗುತ್ತದಾ?

ಮಂಡ್ಯದವ
ಹೋಗಿ ಗುರು, ಇನ್ಯಾವಾಗ ಹೋಗುತ್ತೀರಿ? ವಯಸ್ಸಿದ್ದಾಗಲೇ ಹೋಗಬೇಕು.

ಅಡಿಕೆಪಟ್ಟೆ
ನಿಷೇಧ ಅನ್ನುವುದು ಅರ್ಧ ನಿಜ. 2024ರ ಅಕ್ಟೋಬರ್‌ನಲ್ಲಿ ಪ್ರಾಗ್ ನಗರಾಡಳಿತ ಒಂದು ತೀರ್ಮಾನ ಮಾಡಿತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಯಾವ ಕಂಪನಿಯೂ ಗುಂಪು ಕಟ್ಟಿಕೊಂಡು ಬಾರ್‌ನಿಂದ ಬಾರ್‌ಗೆ ಕರೆದುಕೊಂಡು ಹೋಗುವ ಹಾಗಿಲ್ಲ. ನೀವು ನಾಲ್ಕು ಜನ ನಿಮ್ಮಷ್ಟಕ್ಕೆ ರಾತ್ರಿ 12ಕ್ಕೆ ಬಾರ್ ಬದಲಿಸಿದರೆ ಯಾರೂ ಏನೂ ಕೇಳುವುದಿಲ್ಲ. ದುಡ್ಡು ತೆಗೆದುಕೊಂಡು ಗುಂಪು ನಡೆಸುವವರಿಗೆ ಮಾತ್ರ ತಡೆ. ಹಾಗಾಗಿ ಈಗ ಟಿಕೆಟ್ ತೆಗೆದುಕೊಳ್ಳುವ ಮುಂಚೆ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಅಂತ ನೋಡಿ. ರಾತ್ರಿ ಇಡೀ ಸುತ್ತಿಸುತ್ತೇವೆ ಅಂತ ಈಗಲೂ ಜಾಹೀರಾತು ಹಾಕಿದ್ದರೆ ಅಂಥವರ ಹತ್ತಿರ ಹೋಗಬೇಡಿ.

ತುಂಗಾತೀರ
ನಾನು ಒಬ್ಬನೇ ಹೋಗಿದ್ದೆ, ಈ ನಿಯಮ ಬರುವ ಮುಂಚೆ. ನನಗಂತೂ ತುಂಬಾ ಖುಷಿಯಾಯಿತು. ಒಬ್ಬನೇ ಊರು ಸುತ್ತುವವನಿಗೆ ಸಂಜೆ ಆದ ಮೇಲೆ ಮಾತಾಡಲು ಯಾರೂ ಇರುವುದಿಲ್ಲ. ಅವತ್ತು ಬ್ರೆಜಿಲ್‌ನವರು, ಕೊರಿಯಾದವರು, ಪೋಲೆಂಡಿನ ಅಕ್ಕ ತಂಗಿ, ಎಲ್ಲ ಒಂದೇ ಮೇಜಿನಲ್ಲಿ. ಬಿಯರ್ ನೆಪ ಅಷ್ಟೇ. ಮಾರನೇ ದಿನ ಅವರ ಜೊತೆಗೇ ಕೋಟೆ ನೋಡಲು ಹೋದೆ. ಎಲ್ಲರೂ ಇದನ್ನು ಬೈಯುವುದು ಸರಿಯಲ್ಲ.

ಸುಬ್ಬಮ್ಮನ_ಮೊಮ್ಮಗಳು
ನಾನು ಪ್ರಾಗ್‌ನಲ್ಲೇ ಕೆಲಸ ಮಾಡುತ್ತೇನೆ. ಹಳೇ ಪೇಟೆಯ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ. ಆ ಮಗ್ಗಲಿನ ಮಾತು ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಆ ಗಲ್ಲಿಗಳು ಕಲ್ಲು ಹಾಸಿನವು, ಎರಡೂ ಕಡೆ ಎತ್ತರದ ಕಟ್ಟಡ. ಒಬ್ಬ ಕೂಗಿದರೆ ನಾಲ್ಕನೇ ಮಹಡಿಗೆ ಕೇಳುತ್ತದೆ. ಐವತ್ತು ಜನ ಒಟ್ಟಿಗೆ ಒಂದು ಬಾರ್‌ನಿಂದ ಇನ್ನೊಂದಕ್ಕೆ ಹಾಡುತ್ತಾ ಹೋದರೆ ಹೇಗಿರುತ್ತದೆ ಯೋಚಿಸಿ. ಒಂದು ಗುಂಪು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ಬೇಸಿಗೆಯಲ್ಲಿ ಕಿಟಕಿ ತೆಗೆಯುವ ಹಾಗಿರಲಿಲ್ಲ, ಮುಚ್ಚಿದರೆ ಸೆಕೆ. ನಮ್ಮ ಕಟ್ಟಡದ ಬಾಗಿಲಲ್ಲೇ ಮೂತ್ರ ಮಾಡುತ್ತಿದ್ದರು. ಕೆಳಮನೆಯಲ್ಲಿ ಒಬ್ಬರು ವಯಸ್ಸಾದ ಅಮ್ಮ ಇದ್ದರು, ಹುಟ್ಟಿದಾಗಿನಿಂದ ಅಲ್ಲೇ ಇದ್ದವರು. ಕೊನೆಗೆ ಮಗಳ ಮನೆಗೆ ಹೋಗಿಬಿಟ್ಟರು.

ಇಲ್ಲಿ ರಾತ್ರಿ 10ರಿಂದ ಬೆಳಗ್ಗೆ 6 ಅಂದರೆ ಕಾನೂನಿನ ಪ್ರಕಾರವೇ ನಿಶ್ಶಬ್ದದ ಹೊತ್ತು. ಹೊಸ ನಿಯಮ ಅದೇ ಗಂಟೆಗಳನ್ನು ಇಟ್ಟುಕೊಂಡಿದೆ. ಬೆಳಗ್ಗೆ ಕೆಲಸಕ್ಕೆ ಹೋಗುವವರು ನಾವು. ನಿದ್ದೆ ಕೇಳುವುದು ತಪ್ಪಾ?

ಮಂಡ್ಯದವ
ಅಕ್ಕ, ಹಳೇ ಪೇಟೆಯ ನಡುವೆ ಮನೆ ಮಾಡಿದರೆ ಸದ್ದು ಇದ್ದೇ ಇರುತ್ತದೆ ಅಲ್ವಾ? ಊರಾಚೆ ಮನೆ ಮಾಡಬಹುದಿತ್ತು.

ಸುಬ್ಬಮ್ಮನ_ಮೊಮ್ಮಗಳು
@ಮಂಡ್ಯದವ ಊರಿನವರೆಲ್ಲ ಊರು ಬಿಟ್ಟು ಹೋದರೆ ಉಳಿಯುವುದು ಏನು ಹೇಳಿ? ಹೋಟೆಲ್, ದಿನಬಾಡಿಗೆ ಮನೆ, ಪ್ರವಾಸಿಗರಿಗೆ ಫ್ರಿಜ್‌ಗೆ ಅಂಟಿಸುವ ಅಯಸ್ಕಾಂತ ಮಾರುವ ಅಂಗಡಿ. ಅದನ್ನು ನೋಡಲು ನೀವೇ ಬರುವುದಿಲ್ಲ.

ಬಸವನಗುಡಿ_ಬೈಟು
ಇಂದಿರಾನಗರದವರು ಪಬ್ ಸದ್ದಿನ ವಿಷಯಕ್ಕೆ ಹೈಕೋರ್ಟ್‌ವರೆಗೆ ಹೋದರು. ಅದೇ ಕಥೆ ಅಲ್ಲೂ.

ಕರಾವಳಿ_ಕಾಕ
ನನಗೆ ಈ ನಿಷೇಧದಲ್ಲಿ ಒಂದು ಮಾತು ಸರಿ ಕಾಣಲಿಲ್ಲ ಮಾರಾಯ್ರೆ. ಉಪಮೇಯರ್ ಯಿರ್ಝಿ ಪೋಸ್ಪಿಶಿಲ್ ಅವತ್ತು ಹೇಳಿದ್ದೇನು? ಎರಡು ದಿನಕ್ಕೆ ಬಂದು ಕುಡಿದು ಹೋಗುವವರು ಬೇಡ, ಸಂಸ್ಕೃತಿ ಇರುವ, ಸ್ವಲ್ಪ ಹಣವಂತ ಪ್ರವಾಸಿಗರು ಬೇಕು ಅನ್ನುವ ಅರ್ಥದಲ್ಲಿ ಮಾತಾಡಿದರು. ಸದ್ದು ಬೇಡ ಅನ್ನಲಿ, ಒಪ್ಪುತ್ತೇನೆ. ಗಲೀಜು ಬೇಡ ಅನ್ನಲಿ, ಅದನ್ನೂ ಒಪ್ಪುತ್ತೇನೆ. ಆದರೆ ಹಣವಂತರು ಬರಲಿ ಅನ್ನುವುದು ಬೇರೆ ಮಾತು. ಹಣ ಇರುವವನು ಕುಡಿದು ಕೂಗಿದರೆ ಸದ್ದು ಕಡಿಮೆ ಬರುತ್ತದಾ? ಬ್ಯಾಗ್ ಹೊತ್ತು, ಡಾರ್ಮಿಟರಿಯಲ್ಲಿ ಮಲಗಿ ಊರು ನೋಡುವ ಹುಡುಗರಿಗೂ ಪ್ರಾಗ್ ನೋಡುವ ಹಕ್ಕಿದೆ.

ಅಡಿಕೆಪಟ್ಟೆ
@ಕರಾವಳಿ_ಕಾಕ ಮಾತು ಹಾಗೆ ಕೇಳಿಸಿದ್ದು ನಿಜ. ಆದರೆ ಇದರ ಹಿಂದಿನ ಕಥೆ ನೋಡಿ. ಜೆಕ್ ದೇಶ 2004ರಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಸೇರಿತು. ಅಗ್ಗದ ವಿಮಾನಗಳು ಬಂದವು. ಬ್ರಿಟನ್‌ನಿಂದ ಮದುವೆಗೆ ಮುಂಚಿನ ಪಾರ್ಟಿಗೆ ಅಂತ ಗಂಡಸರ ಗುಂಪುಗಳು ವಾರಾಂತ್ಯಕ್ಕೆ ಬರಲು ಶುರು ಮಾಡಿದವು, ಇಲ್ಲಿ ಬಿಯರ್ ಅಷ್ಟು ಅಗ್ಗ. ಪಬ್ ಕ್ರಾಲ್ ವ್ಯಾಪಾರ ಬೆಳೆದದ್ದು ಆ ಗುಂಪುಗಳ ಬೆನ್ನಿಗೇ. ಇಪ್ಪತ್ತು ವರ್ಷ ತಡೆದುಕೊಂಡ ಊರು ಅದು. ಪೆಡಲ್ ತುಳಿಯುತ್ತಾ ಕುಡಿಯುವ ಬಿಯರ್ ಬೈಕ್‌ಗಳನ್ನೂ ಊರ ನಡುವಿನಿಂದ ಓಡಿಸಿದರು, ಅದಕ್ಕೆ ಕೋರ್ಟಿನಲ್ಲಿ ಜಗಳ ಆಡಬೇಕಾಯಿತು. ಪ್ರಾಗ್ ಒಂದೇ ಅಲ್ಲ, ಆಮ್‌ಸ್ಟರ್‌ಡ್ಯಾಮ್ 2017ರಲ್ಲೇ ನಡುಪೇಟೆಯಿಂದ ಬಿಯರ್ ಬೈಕ್ ತೆಗೆಸಿತು.

ಧಾರವಾಡ_ಪೇಡಾ
ಎಲ್ಲರೂ ಸದ್ದಿನ ಮ್ಯಾಲೇ ಮಾತಾಡುತ್ತೀರಿ. ಬಿಯರ್ ಬಗ್ಗೆ ಯಾರೂ ಮಾತಾಡಲೇ ಇಲ್ಲಲ್ಲರೀ. ಅದು ಮುಖ್ಯ.

ಬ್ರೂ_ಮಲ್ಲೇಶ್ವರ
ಧಾರವಾಡದವರು ಕೇಳಿದ್ದಕ್ಕೆ ನಾನು ಹೇಳುತ್ತೇನೆ. ಬಿಯರ್ ಮಾಡುವ ಕೆಲಸದಲ್ಲೇ ಇರುವವನು, ಹಾಗಾಗಿ ಈ ವಿಷಯ ನನಗೆ ಹತ್ತಿರ.

ಜೆಕ್ ದೇಶದವರು ತಲೆಗೆ ವರ್ಷಕ್ಕೆ 120 ಲೀಟರ್‌ಗೂ ಜಾಸ್ತಿ ಬಿಯರ್ ಕುಡಿಯುತ್ತಾರೆ. ಎಷ್ಟೋ ವರ್ಷಗಳಿಂದ ಜಗತ್ತಿನಲ್ಲಿ ಅವರೇ ಮೊದಲು. ನಾವು ಇವತ್ತು ಎಲ್ಲ ಕಡೆ ನೋಡುವ ಬಂಗಾರದ ಬಣ್ಣದ ಲಾಗರ್ ಬಿಯರ್ ಹುಟ್ಟಿದ್ದೇ ಅಲ್ಲಿ, ಪಿಲ್ಜೆನ್ ಊರಿನಲ್ಲಿ. 1838ರಲ್ಲಿ ಆ ಊರಿನವರು ಕೆಟ್ಟುಹೋದ ಬಿಯರ್ ಅಂತ 36 ಪೀಪಾಯಿಗಳನ್ನು ಬೀದಿಗೆ ಸುರಿದರು. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿದರು, ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನುವವರನ್ನು ಕರೆಸಿದರು. 1842ರಲ್ಲಿ ಅವರು ತಯಾರಿಸಿದ್ದೇ ಮೊದಲ ಪಿಲ್ಸ್‌ನರ್. ಅಲ್ಲಿನ ಮೆದು ನೀರು, ತಿಳಿ ಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಝಾಟೆಟ್ಸ್ ಊರಿನ ಕಡೆಯ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು), ತಣ್ಣಗೆ ಹುದುಗುವ ಈಸ್ಟ್, ಇಷ್ಟು ಸೇರಿ ಆ ರುಚಿ ಬಂತು.

ಇಂಥ ಊರಿಗೆ ಹೋಗಿ, ಗುಂಪಿನ ಬಾರ್‌ನಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಒಂದು ಗಂಟೆಗೆ ಎಷ್ಟಾದರೂ ಅಂತ ಕೊಡುವುದನ್ನು ಕುಡಿದು ಬಂದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಎಷ್ಟು ಬೇಕಾದರೂ ಕುಡಿ ಅನ್ನುವ ಕಡೆ ಒಳ್ಳೇ ಬಿಯರ್ ಕೊಟ್ಟರೆ ಅವರಿಗೆ ಲೆಕ್ಕ ಗಿಟ್ಟುವುದಿಲ್ಲ.

ತುಂಗಾತೀರ
ಸರ್, ನಾನು ಹೋದದ್ದು ಬಿಯರ್ ರುಚಿ ನೋಡಲು ಅಲ್ಲ, ಜನರ ಜೊತೆ ಇರಲು. ಎರಡೂ ಬೇರೆ ಬೇರೆ ಆಸೆ.

ಬ್ರೂ_ಮಲ್ಲೇಶ್ವರ
ಒಪ್ಪಿದೆ. ಆದರೆ ಜನರ ಜೊತೆ ಇರಲು ಜೆಕ್ ಪಬ್‌ಗಿಂತ ಒಳ್ಳೇ ಜಾಗ ಇನ್ನೊಂದಿಲ್ಲ. ಅಲ್ಲಿ ಉದ್ದದ ಮೇಜು, ಖಾಲಿ ಜಾಗ ಇದ್ದರೆ ಕೇಳಿಕೊಂಡು ಅಪರಿಚಿತರ ಪಕ್ಕ ಕೂರುತ್ತಾರೆ. ಅಲ್ಲಿನ ಪದ್ಧತಿಯೇ ಒಂದು ಕಡೆ ಗಟ್ಟಿಯಾಗಿ ಕೂರುವುದು. ಗಂಟೆಗೊಂದು ಬಾರ್ ಬದಲಿಸುವುದು ಹೊರಗಿನವರಿಗೆ ಅಂತ ಮಾಡಿದ ವ್ಯಾಪಾರ.

ನೀಲಿಜಾಲಿ
ಅಲ್ಲಿ ಬಿಯರ್ ಹೇಳುವ ಕ್ರಮ ಹೇಗೆ? 10, 12 ಅಂತ ಡಿಗ್ರಿ ಬರೆದಿರುತ್ತಾರಂತೆ. ಶೇಕಡಾ 12 ಆಲ್ಕೋಹಾಲ್ ಅಂದರೆ ಭಯ ಆಗುತ್ತದೆ!

ಬ್ರೂ_ಮಲ್ಲೇಶ್ವರ
@ನೀಲಿಜಾಲಿ ಅದು ಆಲ್ಕೋಹಾಲ್ ಅಲ್ಲ. ಹುದುಗುವ ಮುಂಚೆ ರಸದಲ್ಲಿ ಮಾಲ್ಟಿನ ಸಕ್ಕರೆ ಅಂಶ ಎಷ್ಟಿತ್ತು ಅನ್ನುವ ಅಳತೆ. 10 ಡಿಗ್ರಿಯದು ಸುಮಾರು ಶೇ. 4, 12 ಡಿಗ್ರಿಯದು ಸುಮಾರು ಶೇ. 5 ಆಲ್ಕೋಹಾಲ್. ಸಂಜೆ ಇಡೀ ಕೂರುವವರು 10 ತೆಗೆದುಕೊಳ್ಳುತ್ತಾರೆ.

ಸುರಿಯುವುದರಲ್ಲೂ ಬಗೆ ಇದೆ. ಹ್ಲಾದಿಂಕಾ ಅಂದರೆ ಮೇಲೆ ಮೂರು ಬೆರಳಷ್ಟು ದಪ್ಪ ನೊರೆ, ಕೆಳಗೆ ಬಿಯರ್. ಶ್ನಿಟ್‌ನಲ್ಲಿ ನೊರೆ ಇನ್ನೂ ಜಾಸ್ತಿ. ಮ್ಲೀಕೊ ಹೆಚ್ಚು ಕಡಿಮೆ ಪೂರ್ತಿ ನೊರೆಯೇ, ಸಿಹಿಯಾಗಿರುತ್ತದೆ, ಕೊಟ್ಟ ತಕ್ಷಣ ಕುಡಿಯಬೇಕು. ನೊರೆ ಜಾಸ್ತಿ ಆಯಿತು ಅಂತ ಜಗಳಕ್ಕೆ ಹೋಗಬೇಡಿ. ಆ ಒದ್ದೆ ನೊರೆ ಬಿಯರ್‌ಗೆ ಗಾಳಿ ತಾಗದ ಹಾಗೆ ಕಾಯುತ್ತದೆ, ಕಹಿಯನ್ನೂ ಮೆತ್ತಗೆ ಮಾಡುತ್ತದೆ.

ಸಾಧ್ಯವಾದರೆ ಟ್ಯಾಂಕ್ ಬಿಯರ್ ಇರುವ ಕಡೆ ಹೋಗಿ. ಪಾಶ್ಚರೀಕರಿಸದ, ಅಂದರೆ ಕೆಡದಿರಲಿ ಅಂತ ಬಿಸಿ ಮಾಡದ ಬಿಯರ್ ಬ್ರೂವರಿಯಿಂದ ನೇರ ಟ್ಯಾಂಕ್‌ಗೆ ಬರುತ್ತದೆ. ಬಾಟಲಿಯದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಧಾರವಾಡ_ಪೇಡಾ
ಇದು ಮಾತು ಅಂದರ! ಇನ್ನಷ್ಟು ಬರೀರಿ.

ಸುಬ್ಬಮ್ಮನ_ಮೊಮ್ಮಗಳು
ಪಬ್ ಒಳಗಿನ ನಡಾವಳಿ ನಾನು ಹೇಳುತ್ತೇನೆ, ಇದು ಗೊತ್ತಿಲ್ಲದೆ ಎಷ್ಟೋ ಜನ ಗಲಿಬಿಲಿ ಆಗುತ್ತಾರೆ. ಒಳಗೆ ಹೋದ ತಕ್ಷಣ ದೊಬ್ರಿ ದೆನ್ ಅಂತ ನಮಸ್ಕಾರ ಹೇಳಿ. ಕೂತ ಮೇಲೆ ಲೋಟದ ಕೆಳಗೆ ಇಡುವ ರಟ್ಟಿನ ಬಿಲ್ಲೆಯನ್ನು ಮುಂದೆ ಇಟ್ಟುಕೊಳ್ಳಿ. ಹಳೇ ಪದ್ಧತಿಯ ಪಬ್‌ಗಳಲ್ಲಿ ಅದನ್ನು ನೋಡಿಯೇ ವೇಟರ್ ಬಿಯರ್ ತಂದಿಡುತ್ತಾರೆ. ಮೇಜಿನ ಮೇಲೆ ಒಂದು ಸಣ್ಣ ಚೀಟಿ ಇಡುತ್ತಾರೆ, ಒಂದೊಂದು ಬಿಯರ್‌ಗೆ ಒಂದೊಂದು ಗೀಟು. ಆ ಚೀಟಿಯೇ ನಿಮ್ಮ ಬಿಲ್ಲು, ಅದರ ಮೇಲೆ ಏನೂ ಗೀಚಬೇಡಿ, ಕಳೆಯಬೇಡಿ. ಲೋಟ ಖಾಲಿಯಾಗುತ್ತಾ ಬಂದರೆ ಕೇಳದೇ ಇನ್ನೊಂದು ಬರುತ್ತದೆ. ಸಾಕು ಅಂದರೆ ಬಿಲ್ಲೆಯನ್ನು ಲೋಟದ ಮೇಲೆ ಮುಚ್ಚಿ. ಚಿಯರ್ಸ್ ಮಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಹಳೇ ಬಿಯರ್ ಉಳಿದದ್ದನ್ನು ಹೊಸ ಲೋಟಕ್ಕೆ ಸುರಿಯಬಾರದು, ಅದನ್ನು ಕಂಡರೆ ಅವರಿಗೆ ಆಗುವುದೇ ಇಲ್ಲ.

ವೇಟರ್ ನಗುವುದಿಲ್ಲ, ಮಾತು ಚುಟುಕು. ಕೋಪ ಅಂದುಕೊಳ್ಳಬೇಡಿ, ಅಲ್ಲಿ ಹಾಗೇ. ಟಿಪ್ಸ್ ಶೇ. 10 ಸಾಕು, ದುಡ್ಡು ಕೊಡುವಾಗ ಒಟ್ಟು ಎಷ್ಟು ತೆಗೆದುಕೊಳ್ಳಬೇಕು ಅಂತ ಬಾಯಲ್ಲೇ ಹೇಳಿಬಿಡಿ.

ಬಸವನಗುಡಿ_ಬೈಟು
ಸಸ್ಯಾಹಾರಿ ಗೆಳೆಯನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪಾಪ ಅವನಿಗೆ ಏನಾದರೂ ಹೇಳಿ.

ನೀಲಿಜಾಲಿ
ನಾನೂ ಸಸ್ಯಾಹಾರಿ. ಪ್ರಾಗ್‌ನಲ್ಲಿ ಹೊಟ್ಟೆ ತುಂಬಾ ತಿಂದೆ. ಸ್ಮಾಝೆನಿ ಸಿರ್ ಅಂತ ಕೇಳಿ: ಚೀಸ್ ತುಂಡಿಗೆ ಬ್ರೆಡ್ ಪುಡಿ ಹಚ್ಚಿ ಕರಿದು, ಟಾರ್ಟರ್ ಸಾಸ್ ಜೊತೆ ಕೊಡುತ್ತಾರೆ. ಸಾಸ್‌ನಲ್ಲಿ ಮೊಟ್ಟೆ ಇರುತ್ತದೆ, ಹೊರಗಿನ ಹಿಟ್ಟಿನಲ್ಲೂ ಇರುತ್ತದೆ. ಮೊಟ್ಟೆ ತಿನ್ನದವರು ನಕ್ಲಾದಾನಿ ಹೆರ್ಮೆಲಿನ್ ತೆಗೆದುಕೊಳ್ಳಿ, ಎಣ್ಣೆ, ಈರುಳ್ಳಿ, ಮೆಣಸಿನಲ್ಲಿ ನೆನೆಸಿಟ್ಟ ಮೆದು ಚೀಸ್. ನಮ್ಮ ಉಪ್ಪಿನಕಾಯಿ ಭರಣಿ ತೆಗೆದ ಹಾಗೆ ಘಮ್ ಅನ್ನುತ್ತದೆ. ಬಿಯರ್ ಜೊತೆ ಅದಕ್ಕಿಂತ ಒಳ್ಳೇದು ಇಲ್ಲ. ಹೂಕೋಸನ್ನು ಕರಿದು ಕೊಡುವುದೂ ಇದೆ.

ಊಟೊಪೆನೆಟ್ಸ್ ಅನ್ನುವುದರ ಹತ್ತಿರ ಹೋಗಬೇಡಿ, ಅದು ಹಂದಿ ಮಾಂಸದ ಸಾಸೇಜ್. ಬೆಳ್ಳುಳ್ಳಿ ಸೂಪ್ ತರಕಾರಿಯದು ಅನ್ನಿಸುತ್ತದೆ, ಆದರೆ ಎಷ್ಟೋ ಕಡೆ ಮಾಂಸದ ಸಾರಿನಲ್ಲಿ ಮಾಡುತ್ತಾರೆ. ಕೇಳಿಯೇ ತಿನ್ನಿ.

ಕರಾವಳಿ_ಕಾಕ
ಪ್ರಾಗ್‌ಗೆ ಹೋಗಿ ಬಾತುಕೋಳಿ ತಿನ್ನದೆ ಬರುವುದು ಹೇಗೆ ಮಾರಾಯ್ರೆ! ಕೆಂಪು ಕೋಸು, ಕ್ನೆಡ್ಲಿಕಿ ಜೊತೆ ತಿಂದು ನೋಡಿ. ಕ್ನೆಡ್ಲಿಕಿ ಹಬೆಯಲ್ಲಿ ಬೇಯಿಸಿದ ಹಿಟ್ಟು, ಹೋಳು ಮಾಡಿ ಕೊಡುತ್ತಾರೆ, ಸಾರು ಹೀರಲು ಬಹಳ ಚೆಂದ.

ಮಂಡ್ಯದವ
ಕುಡಿಯದವನಿಗೆ ಏನು ಗತಿ ಅಲ್ಲಿ? ನಾನೂ ಈಗ ಬಿಟ್ಟಿದ್ದೇನೆ.

ಸುಬ್ಬಮ್ಮನ_ಮೊಮ್ಮಗಳು
@ಮಂಡ್ಯದವ ಒಳ್ಳೇದಾಯಿತು ಬಿಟ್ಟಿದ್ದು. ಕೊಫೋಲಾ ಕೇಳಿ. 1960ರಲ್ಲಿ, ಕಮ್ಯುನಿಸ್ಟ್ ಸರ್ಕಾರ ಇದ್ದಾಗ, ಪಶ್ಚಿಮದ ಕೋಲಾ ಬದಲಿಗೆ ಮಾಡಿದ ಪಾನೀಯ. ಗಿಡಮೂಲಿಕೆ ರುಚಿ, ಸಿಹಿ ಕಡಿಮೆ. ಪಬ್‌ನಲ್ಲಿ ಬಿಯರ್ ಥರ ನಲ್ಲಿಯಿಂದಲೇ ಅರ್ಧ ಲೀಟರ್ ಲೋಟಕ್ಕೆ ಹಿಡಿದು ಕೊಡುತ್ತಾರೆ. ಆಲ್ಕೋಹಾಲ್ ಇಲ್ಲದ ಬಿಯರ್ ಕೂಡ ಎಲ್ಲ ಕಡೆ ಸಿಗುತ್ತದೆ. ಗಾಡಿ ಓಡಿಸುವವರು ಅದನ್ನೇ ಕುಡಿಯುತ್ತಾರೆ, ಯಾಕೆಂದರೆ ಇಲ್ಲಿ ಡ್ರೈವರ್ ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆ ಇರಬೇಕು. ಒಂದೇ ಬಿಯರ್ ಅಲ್ವಾ ಅನ್ನುವ ಮಾತು ನಡೆಯುವುದಿಲ್ಲ.

ಆದರೆ ಪಬ್ ಕ್ರಾಲ್ ಟಿಕೆಟ್‌ನಲ್ಲಿ ಕುಡಿಯದವನೂ ಪೂರ್ತಿ ದುಡ್ಡು ಕೊಡಬೇಕು. ಅವನಿಗೆ ಅದು ನಷ್ಟವೇ.

ರಾತ್ರಿರಾಣಿ_ಶಿರಸಿ
ಸುರಕ್ಷತೆ ಬಗ್ಗೆ ಒಂದು ಮಾತು. ನಾನು ಗೆಳತಿಯ ಜೊತೆ ಮಧ್ಯ ಯುರೋಪಿನ ಒಂದು ಊರಿನಲ್ಲಿ ಇಂಥ ಕ್ರಾಲ್‌ಗೆ ಹೋಗಿದ್ದೆ. ಗೈಡ್ ಹುಡುಗಿ ಮೊದಲ ಬಾರ್‌ನಲ್ಲಿ ಎಲ್ಲರ ಹೆಸರು ಕೇಳಿದಳು. ಮೂರನೇ ಬಾರ್ ಹೊತ್ತಿಗೆ ಗುಂಪಿನಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಅಂತ ಅವಳಿಗೂ ಗೊತ್ತಿರಲಿಲ್ಲ. ಒಬ್ಬ ಹುಡುಗ ಬೀದಿಯಲ್ಲಿ ಕುಸಿದು ಕೂತಿದ್ದ. ಗುಂಪು ಮುಂದೆ ಹೋಯಿತು. ನಾವಿಬ್ಬರೂ ನಿಂತು ಅವನ ಹಾಸ್ಟೆಲ್‌ಗೆ ಫೋನ್ ಮಾಡಿದೆವು. ಅವತ್ತಿನಿಂದ ನನಗೆ ಇದರ ಮೇಲೆ ಕೋಪ. ದುಡ್ಡು ತೆಗೆದುಕೊಂಡು ಕುಡಿಸುವವರಿಗೆ, ಕುಡಿದವನನ್ನು ನೋಡಿಕೊಳ್ಳುವ ಹೊಣೆಯೂ ಇರಬೇಕು.

ಹೋಗುವುದಾದರೆ ಗುಂಪು ಎಷ್ಟು ದೊಡ್ಡದು, ಎಷ್ಟು ಜನರಿಗೆ ಒಬ್ಬ ಗೈಡ್ ಅಂತ ಮೊದಲೇ ಕೇಳಿ. ಲೋಟವನ್ನು ಕಣ್ಣ ಮುಂದೆಯೇ ಇಟ್ಟುಕೊಳ್ಳಿ. ಕೇಳದೇ ಬಂದ ಶಾಟ್ ಬೇಡ ಅನ್ನಲು ಹಿಂಜರಿಯಬೇಡಿ. ತುರ್ತಿಗೆ 112. ನಿಮ್ಮಲ್ಲಿ ಕುಡಿಯದ ಗೆಳೆಯ ಇದ್ದಾನಲ್ಲ, ಎಲ್ಲರ ಪಾಸ್‌ಪೋರ್ಟ್ ರೂಮಿನಲ್ಲೇ ಇರಲಿ, ಫೋಟೋ ಪ್ರತಿ ಅವನ ಹತ್ತಿರ ಇರಲಿ.

ತುಂಗಾತೀರ
@ರಾತ್ರಿರಾಣಿ_ಶಿರಸಿ ಇದು ಓದಿ ಬೇಜಾರಾಯಿತು. ನಮ್ಮ ಗೈಡ್ ಹಾಗಿರಲಿಲ್ಲ, ಪ್ರತಿ ಬಾಗಿಲಲ್ಲೂ ತಲೆ ಎಣಿಸುತ್ತಿದ್ದ. ಒಳ್ಳೇ ಗೈಡ್ ಇದ್ದರೆ ಒಬ್ಬಂಟಿಗರಿಗೆ ಇದೇ ಸುರಕ್ಷಿತ ಅಂತ ನಾನು ಈಗಲೂ ಹೇಳುತ್ತೇನೆ. ಗೊತ್ತಿಲ್ಲದ ಊರಿನಲ್ಲಿ ಒಬ್ಬರೇ ರಾತ್ರಿ ಬಾರ್ ಹುಡುಕುವುದಕ್ಕಿಂತ ಗುಂಪು ಮೇಲು.

ಅಡಿಕೆಪಟ್ಟೆ
ವಿಮೆ ವಿಷಯ ಯಾರೂ ಹೇಳಲಿಲ್ಲ. ಷೆಂಗೆನ್ ವೀಸಾಗೆ 30,000 ಯೂರೋ ವೈದ್ಯಕೀಯ ವಿಮೆ ಮಾಡಿಸಲೇಬೇಕು, ಮಾಡಿಸುತ್ತೀರಿ. ಆದರೆ ಪಾಲಿಸಿ ಪೂರ್ತಿ ಓದಿ. ಕುಡಿದ ಮತ್ತಿನಲ್ಲಿ ಆದ ಪೆಟ್ಟಿಗೆ ಪರಿಹಾರ ಇಲ್ಲ ಅಂತ ಬಹಳ ಪಾಲಿಸಿಗಳಲ್ಲಿ ಬರೆದಿರುತ್ತದೆ. ಕಲ್ಲು ಹಾಸಿನ ಮೇಲೆ ಜಾರಿ ಕಾಲು ಮುರಿದರೆ ಬಿಲ್ಲು ನಿಮ್ಮ ತಲೆ ಮೇಲೆ. ತೀರಾ ಕುಡಿದು ಬಿದ್ದವರನ್ನು ಪೊಲೀಸರು ಅಮಲು ಇಳಿಸುವ ಕೇಂದ್ರಕ್ಕೆ ಸೇರಿಸುತ್ತಾರೆ, ಅದರ ಖರ್ಚೂ ನೀವೇ ಕೊಡಬೇಕು.

ಬಸವನಗುಡಿ_ಬೈಟು
ದುಡ್ಡು ಬದಲಿಸುವುದರಲ್ಲೂ ಹುಷಾರು. ಬೀದಿಯಲ್ಲಿ ಬಂದು ಒಳ್ಳೇ ರೇಟ್ ಕೊಡುತ್ತೇನೆ ಅನ್ನುವವರು ಬೇರೆ ದೇಶದ ಹಳೇ ನೋಟು ಕೈಗೆ ತುರುಕುತ್ತಾರೆ. ಅಂಗಡಿಯಲ್ಲಿ ಬದಲಿಸಿ ರೇಟ್ ಮೋಸ ಅನ್ನಿಸಿದರೆ, 1,000 ಯೂರೋವರೆಗಿನ ವಹಿವಾಟನ್ನು 3 ಗಂಟೆಯೊಳಗೆ ರದ್ದು ಮಾಡಿಸಬಹುದು. 2019ರಿಂದ ಆ ಕಾನೂನು ಇದೆ, ರಸೀದಿ ಇಟ್ಟುಕೊಳ್ಳಿ. ಎಟಿಎಂನಲ್ಲಿ ರೂಪಾಯಿಯಲ್ಲಿ ಲೆಕ್ಕ ಹಾಕಲಾ ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಹಣ ಕೊರುನಾದಲ್ಲೇ ತೆಗೆಯಿರಿ.

ಧಾರವಾಡ_ಪೇಡಾ
ಬುಡಾಪೆಸ್ಟ್ ಹೋಗ್ರಿ ಅದರ ಬದಲಿ. ಪಾಳು ಬಿದ್ದ ಹಳೇ ಮನೆಗಳನ್ನು ಬಾರ್ ಮಾಡ್ಯಾರ. ಸಿಂಪ್ಲಾ ಕೆರ್ಟ್ ಅನ್ನೋ ಬಾರ್ 2002ರಲ್ಲಿ ಶುರು ಮಾಡಿದ್ದು, ಅಲ್ಲಿಂದ ಈ ಪದ್ಧತಿ ಊರ ತುಂಬಾ ಹಬ್ಬಿತು.

ಕರಾವಳಿ_ಕಾಕ
ಗೈಡ್ ಬೇಕೇ ಬೇಕು ಅಂದರೆ ಡಬ್ಲಿನ್ ನೋಡಿ. ಅಲ್ಲಿ 1988ರಿಂದ ಸಾಹಿತ್ಯದ ಪಬ್ ಕ್ರಾಲ್ ನಡೆಯುತ್ತಿದೆ. ನಟರೇ ಗೈಡ್‌ಗಳು. ಒಂದು ಪಬ್‌ನಲ್ಲಿ ಐರಿಷ್ ಬರಹಗಾರರ ಒಂದು ತುಣುಕು ಅಭಿನಯಿಸಿ ತೋರಿಸುತ್ತಾರೆ, ಸ್ವಲ್ಪ ಕುಡಿಯಲು ಬಿಡುತ್ತಾರೆ, ಮುಂದಿನ ಪಬ್‌ಗೆ ಕರೆದುಕೊಂಡು ಹೋಗುತ್ತಾರೆ. ಕುಡಿಯದವನೂ ಸಂತೋಷವಾಗಿ ಬರಬಹುದು. ಗೈಡ್ ಅಂದರೆ ಹೀಗೆ ಇರಬೇಕು, ಏನಾದರೂ ಕೊಡಬೇಕು. ಬರೀ ದಾರಿ ತೋರಿಸಿ ಶಾಟ್ ಹಂಚುವವನು ಗೈಡ್ ಅಲ್ಲ.

ಹಾಸನದ_ಹುಡುಗ
ಇಷ್ಟೊಂದು ಉತ್ತರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಟಿಕೆಟ್ ಈಗಾಗಲೇ ಪ್ರಾಗ್‌ಗೆ ಆಗಿದೆ, ಊರು ಬದಲಿಸಲು ಆಗುವುದಿಲ್ಲ. ಹಾಗಾದರೆ ಗೈಡ್ ಇಲ್ಲದೆ ನಾವೇ ಒಂದು ಸಂಜೆ ಸುತ್ತುವುದಾದರೆ ಹೇಗೆ ಹೋಗಬೇಕು? ನಡೆದು ಹೋಗುವ ಹಾಗೆ ಹೇಳಿ.

ಸುಬ್ಬಮ್ಮನ_ಮೊಮ್ಮಗಳು
ನಾನು ಊರಿನಿಂದ ಬಂದವರನ್ನು ಕರೆದುಕೊಂಡು ಹೋಗುವ ದಾರಿ ಹೇಳುತ್ತೇನೆ.

ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಹುಸೊವಾ ಬೀದಿಯ ಉ ಝ್ಲಾತೆಹೊ ತಿಗ್ರಾ ಬಾಗಿಲಲ್ಲಿ ನಿಂತಿರಿ. ಮೂರಕ್ಕೆ ತೆರೆಯುತ್ತದೆ. ಆಮೇಲೆ ಹೋದರೆ ಜಾಗ ಸಿಗುವುದು ಕಷ್ಟ, ದಿನಾ ಬರುವವರಿಗೆ ಮೇಜು ಮೀಸಲು. ಬರಹಗಾರ ಬೊಹುಮಿಲ್ ಹ್ರಬಾಲ್ ದಿನಾ ಕೂರುತ್ತಿದ್ದ ಪಬ್ ಅದು. 1994ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಬಂದಾಗ ಜೆಕ್ ಅಧ್ಯಕ್ಷ ಹಾವೆಲ್ ಅವರನ್ನು ಕರೆದುಕೊಂಡು ಹೋದದ್ದು ಇಲ್ಲಿಗೇ, ಹ್ರಬಾಲ್ ಜೊತೆ ಕೂತರು. ಸಣ್ಣ ಜಾಗ, ಅಲಂಕಾರ ಇಲ್ಲ. ಬಿಯರ್ ಮಾತ್ರ ಅದ್ಭುತ.

ಅಲ್ಲಿಂದ ಉ ಮೆದ್ವೀಡ್ಕು ಅನ್ನುವ ಪಬ್ ಹತ್ತಿರ. 1466ರಷ್ಟು ಹಳೇದು. ನಂತರ ದಕ್ಷಿಣಕ್ಕೆ ನಡೆದರೆ ಉ ಫ್ಲೆಕು, 1499ರಿಂದ ಹೆಸರಿದೆ, ಅಲ್ಲೇ ತಯಾರಿಸುವ 13 ಡಿಗ್ರಿಯ ಕಪ್ಪು ಲಾಗರ್ ಸಿಗುತ್ತದೆ. ಅಲ್ಲಿ ಪ್ರವಾಸಿಗರು ಜಾಸ್ತಿ, ಬೆಲೆಯೂ ಜಾಸ್ತಿ, ಆದರೂ ಒಂದು ಲೋಟ ಕುಡಿಯಲೇಬೇಕು.

ಸೂರ್ಯ ಮುಳುಗುವ ಹೊತ್ತಿಗೆ ಟ್ರಾಮ್ ಹತ್ತಿ ರೀಗ್ರೊವಿ ಸಾದಿ ಪಾರ್ಕ್‌ಗೆ ಹೋಗಿ. ಹುಲ್ಲಿನ ಮೇಲೆ ಕೂತರೆ ದೂರದಲ್ಲಿ ಕೋಟೆ ಕಾಣುತ್ತದೆ. ಪಕ್ಕದಲ್ಲೇ ಬಿಯರ್ ಗಾರ್ಡನ್ ಇದೆ, ಕುಡಿಯದವನಿಗೂ ಅದೇ ಇಷ್ಟ ಆಗುತ್ತದೆ. ಅಲ್ಲಿಂದ ಕೆಳಗೆ ಝಿಝ್ಕೊವ್, ಹೆಜ್ಜೆಗೊಂದು ಪಬ್ ಇರುವ ಬಡಾವಣೆ. ಊರ ನಡುವಿಗಿಂತ ಬೆಲೆ ಕಡಿಮೆ, ಊರಿನವರೇ ಇರುತ್ತಾರೆ. ದಯವಿಟ್ಟು ಬಾಗಿಲ ಹೊರಗೆ ನಿಂತು ಗಟ್ಟಿಯಾಗಿ ಮಾತಾಡಬೇಡಿ, ಅಲ್ಲೂ ಮೇಲೆ ಮನೆಗಳಿವೆ. ಊರ ನಡುವಿನ ಬಹಳ ಬೀದಿಗಳಲ್ಲಿ ಬಾಟಲಿ ಹಿಡಿದು ಕುಡಿಯುವುದಕ್ಕೂ ನಿಷೇಧ ಇದೆ.

ಮೆಟ್ರೋ ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತದೆ. ಚಿಂತೆ ಇಲ್ಲ, 90ರ ಮೇಲಿನ ನಂಬರಿನ ಟ್ರಾಮ್‌ಗಳು ರಾತ್ರಿ ಇಡೀ ಓಡುತ್ತವೆ, ಎಲ್ಲವೂ ಲಾಝಾರ್ಸ್ಕಾ ನಿಲ್ದಾಣದಲ್ಲಿ ಸೇರುತ್ತವೆ.

ಮಂಡ್ಯದವ
ಅಕ್ಕ, ಇದನ್ನು ಓದಿದ ಮೇಲೆ ನನಗೂ ಹೋಗಬೇಕು ಅನ್ನಿಸಿತು. ಕೊಫೋಲಾ ಕುಡಿದುಕೊಂಡೇ ಸುತ್ತುತ್ತೇನೆ.

ನೀಲಿಜಾಲಿ
ಬೆಂಕಿ ಹಚ್ಚಿ ಕೊಡುವ ಹಸಿರು ಮದ್ಯ ಅಬ್ಸಿಂತ್ ಬಗ್ಗೆ ಏನಂತೀರಿ? ಎಲ್ಲ ವಿಡಿಯೋದಲ್ಲೂ ಅದೇ.

ಬ್ರೂ_ಮಲ್ಲೇಶ್ವರ
ಬೇಡ. ಸಕ್ಕರೆಗೆ ಬೆಂಕಿ ಹಚ್ಚುವುದು 1990ರ ದಶಕದಲ್ಲಿ ಪ್ರವಾಸಿಗರಿಗೋಸ್ಕರ ಶುರುವಾದ ಆಟ, ಹಳೇ ಪದ್ಧತಿಯಲ್ಲಿ ಸಕ್ಕರೆ ಮೇಲೆ ತಣ್ಣೀರು ಹನಿಸುತ್ತಿದ್ದರು. ಶೇ. 70ರವರೆಗೆ ಆಲ್ಕೋಹಾಲ್ ಇರುತ್ತದೆ. ಊಟದ ನಂತರ ಏನಾದರೂ ಬೇಕು ಅಂದರೆ ಬೆಖೆರೊವ್ಕಾ ಸ್ವಲ್ಪ ತೆಗೆದುಕೊಳ್ಳಿ, ಕಾರ್ಲೊವಿ ವಾರಿ ಊರಿನಲ್ಲಿ 1807ರಿಂದ ಮಾಡುತ್ತಿರುವ ಗಿಡಮೂಲಿಕೆ ಮದ್ಯ.

ತುಂಗಾತೀರ
ಸಂಜೆ 5ರ ಸುಮಾರಿಗೆ ಶುರುವಾಗುವ, ಹತ್ತು ಹನ್ನೆರಡು ಜನರ ಸಣ್ಣ ಬಿಯರ್ ಟೂರ್‌ಗಳೂ ಇವೆ. ಗೈಡ್ ಊರಿನವರೇ ಇರುತ್ತಾರೆ, ಇತಿಹಾಸ ಹೇಳುತ್ತಾರೆ, 10ರ ಒಳಗೆ ಮುಗಿಯುತ್ತದೆ. ಹೊಸ ಜನರ ಪರಿಚಯವೂ ಆಗುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ. ನಿಮ್ಮ ಆ ಇಬ್ಬರು ಗೆಳೆಯರಿಗೆ ಇದನ್ನು ಹೇಳಿ ನೋಡಿ.

ಸುಬ್ಬಮ್ಮನ_ಮೊಮ್ಮಗಳು
@ತುಂಗಾತೀರ ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಸಣ್ಣ ಗುಂಪುಗಳಿಂದ ನಮಗೆ ಯಾವತ್ತೂ ತೊಂದರೆ ಆಗಿಲ್ಲ.

ಕರಾವಳಿ_ಕಾಕ
ಹಾಗಾದರೆ ತಕರಾರು ಮುಗಿಯಿತು. ಆದರೆ ಹಣವಂತರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಅದು ಅದೇ.

ಹಾಸನದ_ಹುಡುಗ
ಗೆಳೆಯರ ಜೊತೆ ಮಾತಾಡಿದೆ. ಮೊದಲ ದಿನ 5 ಗಂಟೆಯ ಸಣ್ಣ ಟೂರ್, ಎರಡನೇ ದಿನ ಅಕ್ಕ ಹೇಳಿದ ದಾರಿ. ಮೂರನೇ ದಿನ ಪಿಲ್ಜೆನ್‌ಗೆ ಹೋಗಿ ಬರಬಹುದಾ? ಒಂದೇ ದಿನದಲ್ಲಿ ಆಗುತ್ತದಾ?

ಬ್ರೂ_ಮಲ್ಲೇಶ್ವರ
ಆರಾಮಾಗಿ ಆಗುತ್ತದೆ. ಪ್ರಾಗ್‌ನ ಮುಖ್ಯ ರೈಲು ನಿಲ್ದಾಣದಿಂದ ಸುಮಾರು ಒಂದೂವರೆ ಗಂಟೆ. ನಿಲ್ದಾಣದಿಂದ ಬ್ರೂವರಿಗೆ ನಡೆದೇ ಹೋಗಬಹುದು. ಇಂಗ್ಲಿಷ್ ಟೂರ್ ಮೊದಲೇ ಬುಕ್ ಮಾಡಿ, ದಿನಕ್ಕೆ ಕೆಲವೇ ಇರುತ್ತವೆ. ಕೆಳಗೆ ಒಟ್ಟು 9 ಕಿಲೋಮೀಟರ್ ಉದ್ದದ ನೆಲಮಾಳಿಗೆ ಸುರಂಗಗಳಿವೆ, ಅದರಲ್ಲಿ ಒಂದಿಷ್ಟು ತೋರಿಸುತ್ತಾರೆ. ಕೊನೆಗೆ ಓಕ್ ಪೀಪಾಯಿಯಿಂದ ನೇರ ಲೋಟಕ್ಕೆ ಹಿಡಿದು ಕೊಡುತ್ತಾರೆ, ಸೋಸದ, ಪಾಶ್ಚರೀಕರಿಸದ ಬಿಯರ್. ಒಂದೇ ಲೋಟ ಕೊಡುವುದು, ನಿಧಾನವಾಗಿ ಕುಡಿಯಿರಿ. ಹೊರಗೆ ಬಿಸಿಲಿದ್ದರೂ ಸ್ವೆಟರ್ ಇಟ್ಟುಕೊಳ್ಳಿ, ಕೆಳಗೆ ಚಳಿ ಜೋರಾಗಿರುತ್ತದೆ.